ಎಂಸಿಬಿ ಪದೇ ಪದೇ ಬೀಳ್ತಿದೆಯಾ? ದೊಡ್ಡದು ಹಾಕಿಸೋ ಮುಂಚೆ ಇದನ್ನ ಓದಿ

ಇವತ್ತಿನ ಮಾತು ಕೋಡ್ ಬಗ್ಗೆ ಅಲ್ಲ, ಮನೆ ಗೋಡೆಯೊಳಗಿನ ವೈರ್ ಬಗ್ಗೆ. ವಿಡಿಯೋದಲ್ಲಿ ಲೆಕ್ಕ ಸ್ವಲ್ಪ ಬೇಗ ಓಡಿತು ಅನ್ನಿಸಿದವರಿಗೆ ಇಲ್ಲಿ ಬಿಡಿಸಿ ಬರೆದಿದ್ದೀನಿ.

ನಾನಿರೋದು ನೋಯ್ಡಾದಲ್ಲಿ, ಸೆಕೆಂಡ್ ಹ್ಯಾಂಡ್ ಕೊಂಡ ಹಳೇ ಫ್ಲಾಟ್. ಇಲ್ಲಿ ಮೇ ತಿಂಗಳಲ್ಲಿ ಎಸಿ ಇಲ್ಲದೆ ನಿದ್ದೆ ಬರಲ್ಲ, ಜನವರಿಯಲ್ಲಿ ಹೀಟರ್ ಇಲ್ಲದೆ ಹಾಸಿಗೆ ಬಿಟ್ಟು ಏಳಕ್ಕಾಗಲ್ಲ. ಎರಡಕ್ಕೂ ನಮ್ಮ ಬೆಡ್‌ರೂಮಿನಲ್ಲಿ ಇದ್ದದ್ದು ಒಂದೇ ಪವರ್ ಬೋರ್ಡ್. ಬೇಸಿಗೆಯಲ್ಲಿ ಎಸಿ, ಗೀಸರ್, ಇಸ್ತ್ರಿ ಪೆಟ್ಟಿಗೆ ಒಟ್ಟಿಗೆ ಹಾಕಿದರೆ ಸ್ವಲ್ಪ ಹೊತ್ತಿಗೆ 16 ಆಂಪ್ ಎಂಸಿಬಿ ಬೀಳ್ತಿತ್ತು. ಎಲೆಕ್ಟ್ರಿಷಿಯನ್ ಬಂದು ನೋಡಿ, "ಸಾಬ್, ಬಡಾ ಲಗಾ ದೇತಾ ಹೂಂ, ಫಿರ್ ನಹೀ ಗಿರೇಗಾ" ಅಂದ. 32 ಆಂಪಿನದು ಹಾಕಿ ಹೋದ. ಎಂಟೆಕ್ ಓದಿದ ನಾನು ಪಕ್ಕದಲ್ಲೇ ನಿಂತು ತಲೆ ಆಡಿಸಿದೆ. ನಿಜವಾಗಲೂ ಆಮೇಲೆ ಅದು ಬೀಳಲೇ ಇಲ್ಲ.

ಚಳಿಗಾಲಕ್ಕೆ ಶಿವಮೊಗ್ಗದಿಂದ ಅಪ್ಪ ಅಮ್ಮ ಬಂದರು. ಆ ರೂಮನ್ನ ಅವರಿಗೆ ಕೊಟ್ಟು, ಆಯಿಲ್ ಹೀಟರ್ ತಂದಿಟ್ಟೆ. ಒಂದು ಬೆಳಿಗ್ಗೆ ಆರೂವರೆಗೆ ಅಮ್ಮ ಬಂದು ಎಬ್ಬಿಸಿದರು: "ಏನೋ ಸುಟ್ಟ ವಾಸನೆ ಬರ್ತಾ ಇದೆ ಕಣೋ, ಒಂಚೂರು ನೋಡು." ಹೋಗಿ ನೋಡಿದರೆ ಸಾಕೆಟ್ ಕಂದು ಬಣ್ಣಕ್ಕೆ ತಿರುಗಿ, ಪ್ಲಾಸ್ಟಿಕ್ ಮೆತ್ತಗಾಗಿತ್ತು. ಅದು ಇದ್ದದ್ದು ಅಮ್ಮನ ತಲೆದಿಂಬಿನಿಂದ ಎರಡಡಿ ದೂರದಲ್ಲಿ. ಮೇನ್ ಆಫ್ ಮಾಡಿ ಕೂತೆ. ಕೈ ನಡುಗ್ತಾ ಇತ್ತು.

ಎಂಸಿಬಿ ಕಾಯೋದು ಯಾರನ್ನ?

ನಮ್ಮಲ್ಲಿ ಬಹಳ ಜನ ಎಂಸಿಬಿ ಇರೋದು ಎಸಿ ಕಾಪಾಡೋಕೆ ಅಂದ್ಕೊಂಡಿದ್ದಾರೆ. ಅಲ್ಲ. ಅದು ಕಾಯೋದು ಗೋಡೆಯೊಳಗಿನ ವೈರನ್ನ. ವೈರ್ ತಡೆಯೋ ಮಟ್ಟ ದಾಟಿ ಕರೆಂಟ್ ಹರಿದರೆ ಕಟ್ ಮಾಡೋದೇ ಅದರ ಕೆಲಸ. ಆದ್ದರಿಂದ ವೈರ್ ನೋಡಿ ಎಂಸಿಬಿ ಆರಿಸಬೇಕು, ಲೋಡ್ ನೋಡಿ ವೈರ್ ಆರಿಸಬೇಕು. ವೈರ್ ಹಾಗೇ ಬಿಟ್ಟು ಎಂಸಿಬಿ ಮಾತ್ರ ದೊಡ್ಡದು ಮಾಡೋದು ಅಂದರೆ, ಪ್ರೊಡಕ್ಷನ್‌ನಲ್ಲಿ ಅಲರ್ಟ್ ಬರ್ತಿದೆ ಅಂತ ಥ್ರೆಶೋಲ್ಡ್ ಏರಿಸಿ ಮಲಗಿದ ಹಾಗೆ.

ಲೆಕ್ಕ ನೋಡಿ. ಹೀಟರ್ 2000 ವ್ಯಾಟ್, ಗೀಸರ್ 2000, ಇಸ್ತ್ರಿ ಪೆಟ್ಟಿಗೆ 1000. ಒಟ್ಟು 5000 ವ್ಯಾಟ್. 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 21.7 ಆಂಪ್. ಬೋರ್ಡ್ ಬಿಚ್ಚಿದಾಗ ಗೊತ್ತಾಯಿತು, ಬಂದಿರೋ ವೈರ್ 1.5 ಚದರ ಮಿಲಿಮೀಟರಿನದು. ಗೋಡೆಯೊಳಗಿನ ಪೈಪಿನಲ್ಲಿ ಅದಕ್ಕೆ 14-15 ಆಂಪೇ ಜಾಸ್ತಿ. ಗೀಸರಿಗೆ ಬೇರೆ ವೈರೇ ಇರಲಿಲ್ಲ, ಇದೇ ಸಾಕೆಟ್ಟಿನ ಸ್ಕ್ರೂನಿಂದ ಲೂಪ್ ಹೊಡೆದಿದ್ದರು.

ವೈರಿನಲ್ಲಿ ಹುಟ್ಟೋ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. ಕರೆಂಟ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. ನಮ್ಮ ಡಿಬಿಯಿಂದ ಬೋರ್ಡಿಗೆ 15 ಮೀಟರ್, ಹೋಗಿ ಬರೋದು ಸೇರಿ 30. ಅಷ್ಟುದ್ದದ 1.5ರ ತಾಮ್ರದ ರೆಸಿಸ್ಟೆನ್ಸ್ ಸುಮಾರು 0.34 ಓಮ್. 21.7 ಆಂಪಿಗೆ ಗೋಡೆಯೊಳಗೆ ಸುಮಾರು 160 ವ್ಯಾಟ್ ಬಿಸಿ. ವೈರಿನ ಮೇಲಿನ ಸಾಮಾನ್ಯ ಪಿವಿಸಿ ಹೊದಿಕೆಯ ಮಿತಿ 70 ಡಿಗ್ರಿ.

ಸಾಕೆಟ್ ಕಥೆ ಇನ್ನೂ ಕೆಟ್ಟದ್ದು. ಸ್ಕ್ರೂ ಸ್ವಲ್ಪ ಸಡಿಲವಾಗಿ, ಅಲ್ಲಿ ಬರೀ 0.05 ಓಮ್ ರೆಸಿಸ್ಟೆನ್ಸ್ ಇದ್ದರೂ ಆ ಒಂದೇ ಜಾಗದಲ್ಲಿ 23-24 ವ್ಯಾಟ್. ಕಾಲೇಜ್ ಲ್ಯಾಬಿನಲ್ಲಿ ಹಿಡೀತಿದ್ದ 25 ವ್ಯಾಟ್ ಸೋಲ್ಡರಿಂಗ್ ಐರನ್ ನೆನಪಿದೆಯಾ? ಅದನ್ನ ಪ್ಲಾಸ್ಟಿಕ್ ಡಬ್ಬಿಯೊಳಗೆ ಹಾಕಿ ಆನ್ ಮಾಡಿಟ್ಟ ಹಾಗೆ. 32 ಆಂಪಿನ ಎಂಸಿಬಿಗೆ 21.7 ಅಂದರೆ ಮಾಮೂಲಿ. ಅದು ಎಷ್ಟು ಹೊತ್ತಾದರೂ ಬೀಳಲ್ಲ. ಇನ್ನೊಂದು ಮಾತು: ಸಡಿಲ ಸ್ಕ್ರೂ ಇದ್ದರೆ ಸರಿಯಾದ ಎಂಸಿಬಿಗೂ ಅದು ಕಾಣಲ್ಲ, ಯಾಕಂದ್ರೆ ಕರೆಂಟ್ ಏರೋದೇ ಇಲ್ಲ.

ಏನು ಬದಲಾಯಿಸಿದೆವು

ಈ ಸಲ ಬೇರೆ, ಲೈಸೆನ್ಸ್ ಇರೋ ವೈರ್‌ಮನ್ ಕರೆಸಿದೆ. ಲೆಕ್ಕ, ಲೇಬಲ್ ನನ್ನದು. ವೈರಿಗೆ ಕೈ ಹಾಕಿದ್ದು ಅವರು. ಯೂಟ್ಯೂಬ್ ನೋಡಿ ನೀವೇ ಡಿಬಿ ಬಿಚ್ಚಬೇಡಿ, ನಮ್ಮ ವಿಡಿಯೋ ನೋಡಿ ಕೂಡ.

ಎಸಿಗೆ ಒಂದು, ಗೀಸರಿಗೆ ಒಂದು, ಹೀಟರ್ ಸಾಕೆಟ್ಟಿಗೆ ಒಂದು ಅಂತ ಡಿಬಿಯಿಂದಲೇ ಬೇರೆ ಬೇರೆ ಲೈನ್ ಎಳೆಸಿದೆವು. ಫೇಸ್, ನ್ಯೂಟ್ರಲ್, ಅರ್ಥ್ ಮೂರೂ 4 ಚದರ ಮಿಲಿಮೀಟರ್ ತಾಮ್ರ, ಪೈಪಿನೊಳಗೆ ಎಲ್ಲೂ ಜಾಯಿಂಟ್ ಇಲ್ಲ. ಪ್ರತಿಯೊಂದಕ್ಕೂ 20 ಆಂಪಿನ ಸಿ ಕರ್ವ್ ಎಂಸಿಬಿ. ಹಳೇ ಥರದ ಎಸಿ ಕಂಪ್ರೆಸರ್ ಸ್ಟಾರ್ಟ್ ಆಗುವಾಗ ಒಂದು ಕ್ಷಣ ಹಲವು ಪಟ್ಟು ಕರೆಂಟ್ ಎಳೆಯುತ್ತೆ. ಅದನ್ನ ಸಿ ಕರ್ವ್ ತಡ್ಕೊಳ್ಳುತ್ತೆ. ಈಗ ಹೀಟರಿನ 8.7 ಆಂಪಿಗೆ ಅದರ ವೈರಿನಲ್ಲಿ ಹುಟ್ಟೋ ಬಿಸಿ ಸುಮಾರು 10 ವ್ಯಾಟ್, ಅದೂ 15 ಮೀಟರಿಗೆ ಹಂಚಿಕೊಂಡು.

ಇವುಗಳ ಮೇಲೆ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿದೆ. ಎಂಸಿಬಿ ವೈರ್ ಕಾಯುತ್ತೆ, ಆರ್‌ಸಿಸಿಬಿ ಮನುಷ್ಯರನ್ನ. ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲಿನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ನೋಡ್ತಿರುತ್ತೆ, ವ್ಯತ್ಯಾಸ ಕಂಡರೆ ಕಟ್. ಗೀಸರ್ ಇರೋ ಮನೆಗೆ ಇದು ಬೇಕೇ ಬೇಕು.

ಅದೂ ಮೊದಲ ದಿನವೇ ಬೀಳೋಕೆ ಶುರುವಾಯಿತು! ವೈರ್‌ಮನ್ ಪೀಸ್ ಕೆಟ್ಟಿದೆ ಅಂದರು. ಈ ಸಲ ನಾನು ತಲೆ ಆಡಿಸಲಿಲ್ಲ. ಒಂದೊಂದೇ ಸ್ವಿಚ್ ಹಾಕ್ತಾ ಹೋದೆವು. ಗೀಸರ್ ಹಾಕಿದರೆ ಏನೂ ಆಗಲ್ಲ, ಬಾತ್‌ರೂಮ್ ಎಗ್ಸಾಸ್ಟ್ ಫ್ಯಾನ್ ಹಾಕಿದ ತಕ್ಷಣ ಟಪ್ ಅಂತ ಬೀಳುತ್ತೆ. ಫ್ಯಾನಿನ ಫೇಸ್ ಹಾಲ್ ಲೈನಿನಿಂದ, ನ್ಯೂಟ್ರಲ್ ಮಾತ್ರ ಗೀಸರ್ ಬಾಕ್ಸಿನಿಂದ! ಅದರ 40 ವ್ಯಾಟ್, ಅಂದರೆ ಸುಮಾರು 170 ಮಿಲಿಆಂಪ್, ಆರ್‌ಸಿಸಿಬಿಯ ಫೇಸ್ ಮುಟ್ಟದೆ ನ್ಯೂಟ್ರಲಿಗೆ ಬರ್ತಿತ್ತು. ನ್ಯೂಟ್ರಲ್ ಬೇರೆ ಮಾಡಿದ ಮೇಲೆ ಸುಮ್ಮನಾಯಿತು.

ಈ ಭಾನುವಾರ ನೀವು ಮಾಡಬಹುದಾದದ್ದು

ಪುಣೆ, ಹೈದರಾಬಾದ್, ಚೆನ್ನೈ ಎಲ್ಲೇ ಇರಿ, ಬಾಡಿಗೆ ಮನೆಯಾದರೂ ಸರಿ:

- ಎಸಿ ಅಥವಾ ಗೀಸರ್ ಅರ್ಧ ಗಂಟೆ ಓಡಿದ ಮೇಲೆ ಆಫ್ ಮಾಡಿ, ಪ್ಲಗ್ ತೆಗೆದು ನೋಡಿ. ಪಿನ್ ಕಪ್ಪಾಗಿದ್ದರೆ, ಪ್ಲಗ್ ಬಿಸಿಯಾಗಿದ್ದರೆ ಆ ಪಾಯಿಂಟ್ ಬಳಸಬೇಡಿ.
- ಎಂಸಿಬಿ ಮೇಲೆ ಸಿ16, ಸಿ20, ಸಿ32 ಅಂತ ಏನು ಬರೆದಿದೆ ನೋಡಿ. ಆ ಲೈನಿನ ವೈರ್ ಎಷ್ಟು ದಪ್ಪ ಅಂತ ಎಲೆಕ್ಟ್ರಿಷಿಯನ್‌ಗೆ ಕೇಳಿ.
- ಹೀಟರನ್ನ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಬೇಡಿ.
- ಆರ್‌ಸಿಸಿಬಿ ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ. ಬೀಳದಿದ್ದರೆ ಬದಲಾಯಿಸಬೇಕು.
- ಸಾಕೆಟ್ಟಿಗೆ ಅರ್ಥ್ ನಿಜವಾಗಲೂ ಬಂದಿದೆಯಾ ಪರೀಕ್ಷೆ ಮಾಡಿಸಿ. ಮೂರು ತೂತು ಇದ್ದ ಮಾತ್ರಕ್ಕೆ ಅರ್ಥ್ ಇದೆ ಅಂತಲ್ಲ.
- ಕರೆಂಟ್ ಬಿಲ್ಲಿನಲ್ಲಿ ಸ್ಯಾಂಕ್ಷನ್ಡ್ ಲೋಡ್ ಎಷ್ಟಿದೆ ನೋಡಿ, ಸಾಲದಿದ್ದರೆ ಹೆಚ್ಚಿಸೋಕೆ ಅರ್ಜಿ ಹಾಕಿ.

ಓನರ್ ಒಪ್ಪದಿದ್ದರೆ ಕಪ್ಪಾದ ಸಾಕೆಟ್ಟಿನ ಫೋಟೋ ಕಳಿಸಿ. ಬಾಯಿಮಾತಿಗಿಂತ ಅದು ಬೇಗ ಕೆಲಸ ಮಾಡುತ್ತೆ.

ಸುಟ್ಟ ಆ ಸಾಕೆಟ್ಟನ್ನ ನಾನು ಎಸೆದಿಲ್ಲ, ವಿಡಿಯೋದಲ್ಲಿ ತೋರಿಸಿದ್ದು ಅದನ್ನೇ. ಅಪ್ಪ ಅಮ್ಮ ಈ ಡಿಸೆಂಬರಿಗೆ ಮತ್ತೆ ಬರ್ತಿದ್ದಾರೆ, ಅದೇ ರೂಮಿಗೆ. ನಿಮ್ಮ ಮನೆ ಬೋರ್ಡ್ ಬಿಚ್ಚಿಸಿದಾಗ ಏನು ಸಿಕ್ಕಿತು ಅಂತ ಬರೆದು ತಿಳಿಸಿ. ಮುಂದಿನ ವಿಡಿಯೋದಲ್ಲಿ ಸಿಗೋಣ.