ಡ್ರ್ಯಾಗನ್‌ಗೂ ಒಂದು ಬೆನ್ನಿರುತ್ತೆ!

ಕುದುರೆ ಬಿಡಿಸಿದರೆ ತಪ್ಪು ಹುಡುಕಲು ಹತ್ತು ಜನ ಬರುತ್ತಾರೆ. ಡ್ರ್ಯಾಗನ್ ಬಿಡಿಸಿದರೆ? ಅದನ್ನು ಕಂಡವರೇ ಇಲ್ಲವಲ್ಲ, ಯಾರು ಏನೆಂದಾರು! ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಕಾಮಿಕ್ಸ್ ಮಾಡಲು ಹೊರಟವರಲ್ಲಿ ಬಹಳಷ್ಟು ಮಂದಿಯ ಲೆಕ್ಕಾಚಾರ ಶುರುವಿನಲ್ಲಿ ಹೀಗೇ ಇರುತ್ತದೆ.

ನನ್ನ ಗೆಳೆಯನೊಬ್ಬ ಬಿ.ಕಾಂ. ಮುಗಿಸಿದವನು ಮನೆಯಲ್ಲಿ ಒಂದು ವರ್ಷ ಟೈಮ್ ಕೇಳಿಕೊಂಡು ಚಿತ್ರಕ್ಕೆ ಕುಳಿತ. ಅಷ್ಟರೊಳಗೆ ಕೆಲಸ ಸಿಗದಿದ್ದರೆ ಅಪ್ಪನ ಅಂಗಡಿಯೇ ಗತಿ. ಹನ್ನೆರಡು ಡ್ರ್ಯಾಗನ್‌ಗಳ ಪೋರ್ಟ್‌ಫೋಲಿಯೊ ಹಿಡಿದು ಇಂಟರ್‌ವ್ಯೂಗೆ ಹೋದ. ಒಂದೊಂದೂ ಮೊಬೈಲಿಗೆ ವಾಲ್‌ಪೇಪರ್ ಹಾಕಿಕೊಳ್ಳುವಂತಿತ್ತು. ಎಲ್ಲವನ್ನೂ ನೋಡಿದವರು ಕೇಳಿದ್ದು ಒಂದೇ ಪ್ರಶ್ನೆಯಂತೆ: ‘ಇದನ್ನೇ ಹಿಂದಿನಿಂದ ನೋಡಿದರೆ ಹೇಗಿರುತ್ತೆ?’ ಕೈಗೆ ಪೆನ್ಸಿಲ್ಲನ್ನೂ ಕೊಟ್ಟರು. ರೆಕ್ಕೆ ಬೆನ್ನಿಗೆ ಎಲ್ಲಿ ಸೇರುತ್ತದೆ ಎಂಬುದು ಅವನಿಗೇ ಗೊತ್ತಿರಲಿಲ್ಲ.

ಪ್ರಶ್ನೆ ಕಟುವಾಗಿತ್ತು, ಆದರೆ ನ್ಯಾಯವಾಗಿತ್ತು. ಕಾಮಿಕ್ಸ್ ಒಂದೇ ಚಿತ್ರದಲ್ಲಿ ಮುಗಿಯುವುದಿಲ್ಲ. ಅದೇ ಪ್ರಾಣಿ, ಅದೇ ಯಂತ್ರ ಪುಟಪುಟದಲ್ಲೂ ಬೇರೆ ಬೇರೆ ಕೋನದಲ್ಲಿ ಬರಬೇಕು, ಬಂದಾಗಲೆಲ್ಲ ಓದುಗನಿಗೆ ‘ಅದೇ ಇದು’ ಅನ್ನಿಸಬೇಕು.

ಈ ವಿಷಯದಲ್ಲಿ ಬೆಲ್ಜಿಯಂನ ಎರ್ಜೆ ಅವರನ್ನು ಮೀರಿಸಿದವರು ಕಡಿಮೆ. ಟಿನ್‌ಟಿನ್‌ನನ್ನು ಚಂದ್ರನಿಗೆ ಕಳಿಸುವ ಕಥೆಯನ್ನು ಅವರು ಧಾರಾವಾಹಿಯಾಗಿ ಶುರು ಮಾಡಿದ್ದು 1950ರಲ್ಲಿ. ಮನುಷ್ಯ ನಿಜಕ್ಕೂ ಅಲ್ಲಿ ಕಾಲಿಡಲು ಇನ್ನೂ 19 ವರ್ಷ ಬಾಕಿ ಇತ್ತು. ಅಂಥ ರಾಕೆಟ್ಟಿನ ಒಳಗೆ ಹೋಗಿ ಬಂದವರು ಯಾರೂ ಇರಲಿಲ್ಲ, ಬಾಯಿಗೆ ಬಂದಂತೆ ಬಿಡಿಸಿದ್ದರೂ ನಡೆಯುತ್ತಿತ್ತು. ಎರ್ಜೆ ಹಾಗೆ ಮಾಡಲಿಲ್ಲ. ಭಾಗಗಳನ್ನು ಬಿಚ್ಚಿ ಒಳಗೆ ನೋಡಬಹುದಾದ ಒಂದು ಮಾದರಿಯನ್ನೇ ಮಾಡಿಸಿದರು. ಏಣಿ ಎಲ್ಲಿದೆ, ಯಾವ ಬಾಗಿಲಿನಿಂದ ಎಲ್ಲಿಗೆ ಹೋಗಬಹುದು ಎಂಬುದು ಸ್ಟುಡಿಯೊದ ಸಹಾಯಕರಿಗೂ ತಪ್ಪಬಾರದಲ್ಲ!

ರಾಕೆಟ್ಟಿನ ಆಕಾರ ಬಂದದ್ದು ಎರಡನೇ ಮಹಾಯುದ್ಧದ ಜರ್ಮನ್ ವಿ-2 ಕ್ಷಿಪಣಿಯಿಂದ. ಮೈಮೇಲಿನ ಕೆಂಪು-ಬಿಳಿ ಚೌಕಳಿಯೂ ಬರೀ ಚಂದಕ್ಕಲ್ಲ. ವಿ-2 ಪರೀಕ್ಷಾ ಹಾರಾಟಗಳಲ್ಲಿ ರಾಕೆಟ್ ಗಾಳಿಯಲ್ಲಿ ಹೇಗೆ ತಿರುಗುತ್ತಿದೆ ಎಂದು ಕೆಳಗಿನಿಂದ ತಿಳಿಯಲು ಇಂಥ ಚೌಕಳಿ ಬಳಿಯುತ್ತಿದ್ದರು. ಪುಟದ ಮೇಲೂ ಅದು ಅದೇ ಕೆಲಸ ಮಾಡುತ್ತದೆ. ಕಪ್ಪು ಆಕಾಶದಲ್ಲಿ ಬೆರಳುಗುರಿನಷ್ಟೇ ಕಂಡರೂ ಅದು ಯಾವುದು, ಎತ್ತ ವಾಲಿದೆ ಎಂದು ಹೇಳಿಬಿಡಬಹುದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ವಿಸ್ಕಿ! ಗುರುತ್ವ ಇಲ್ಲದಾಗ ಕ್ಯಾಪ್ಟನ್ ಹ್ಯಾಡಕ್‌ನ ವಿಸ್ಕಿ ಗ್ಲಾಸಿನಿಂದೆದ್ದು ಉಂಡೆಯಾಗಿ ತೇಲುತ್ತದೆ, ಆತ ಅದರ ಹಿಂದೆ ಬೀಳುತ್ತಾನೆ. ಫಿಸಿಕ್ಸ್ ಪಾಠವೇ ಬೇಡ. ಲೋಟದಲ್ಲಿ ದ್ರವ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು, ಹಾಗಿಲ್ಲ ಅಂದಕೂಡಲೇ ನಾವೂ ಬಾಹ್ಯಾಕಾಶದಲ್ಲಿದ್ದೇವೆ. ಕಾಣದ್ದನ್ನು ನಂಬಿಸುವುದು ಹೀಗೆ, ದಿನಾ ಕಾಣುವ ಒಂದು ವಸ್ತುವಿನಿಂದ.

ನಮ್ಮಲ್ಲಿ ಪ್ರಾಣ್ ಅವರ ಸಾಬು ಇದ್ದಾನಲ್ಲ, ಗುರು ಗ್ರಹದವನು. ಅವನಿಗೆ ಹಸಿರು ಚರ್ಮ ಇಲ್ಲ, ತಲೆಯ ಮೇಲೆ ಆಂಟೆನಾ ಇಲ್ಲ. ಪೇಟ ಸುತ್ತಿದ ಕುಳ್ಳ ಚಾಚಾ ಚೌಧರಿ ಪಕ್ಕದಲ್ಲಿ ನಿಂತರೆ ಸಾಕು, ದೈತ್ಯನೆಂದು ಒಪ್ಪಿಕೊಳ್ಳುತ್ತೇವೆ.

ಜಪಾನಿನ ಹಯಾವೊ ಮಿಯಾಝಾಕಿ 1982ರಿಂದ 1994ರವರೆಗೆ ಬರೆದ ‘ನೌಸಿಕಾ’ ಇದನ್ನು ಇನ್ನಷ್ಟು ದೂರ ಒಯ್ಯುತ್ತದೆ. ಅಲ್ಲಿನ ‘ಓಮು’ ಎಂಬ ಗುಡ್ಡದಂಥ ಹುಳುಗಳು ಹೆದರಿಸಲಿಕ್ಕಷ್ಟೇ ಇಲ್ಲ. ಅವು ಪೊರೆ ಬಿಡುತ್ತವೆ. ಕಳಚಿಬಿದ್ದ ಚಿಪ್ಪು ಹಳ್ಳಿಯವರಿಗೆ ಉಪಕರಣ ಮಾಡಿಕೊಳ್ಳಲು ಬೇಕು. ದನದ ಸಗಣಿ, ಗೊಬ್ಬರ ನೋಡಿ ಬೆಳೆದ ನಮಗೆ ಇದು ತಟ್ಟನೆ ಅರ್ಥವಾಗುತ್ತದೆ.

ಇನ್ನು ನೆರಳಿನ ಪರೀಕ್ಷೆ. ಪಾತ್ರದ ಒಳಗನ್ನೆಲ್ಲ ಕಪ್ಪು ಇಂಕಿನಿಂದ ತುಂಬಿಬಿಡಿ. ಆಗಲೂ ಯಾರೆಂದು ಗೊತ್ತಾಗುತ್ತದೆಯೇ? ಫ್ರಾನ್ಸಿನ ಮೋಬಿಯಸ್ 1975ರಲ್ಲಿ ಮಾಡಿದ ‘ಅರ್ಝಾಕ್’ ಕಥೆಗಳಲ್ಲಿ ಒಂದೂ ಮಾತಿಲ್ಲ. ಚೂಪು ಟೋಪಿಯವನೊಬ್ಬ, ಅವನನ್ನು ಹೊತ್ತ ದೊಡ್ಡ ಹಕ್ಕಿ, ಇಷ್ಟರ ಹೊರಗೆರೆಯೇ ನಮ್ಮನ್ನು ಕೈಹಿಡಿದು ನಡೆಸುತ್ತದೆ. ಯಕ್ಷಗಾನ ನೋಡಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ ಬಿಡಿ. ಕೇದಗೆ ಮುಂದಲೆಯ ಅಭಿಮನ್ಯುವನ್ನೂ ಬಣ್ಣದ ವೇಷದ ರಕ್ಕಸನನ್ನೂ ಕೊನೆಯ ಸಾಲಿನಲ್ಲಿ ತೂಕಡಿಸುತ್ತಾ ಕುಳಿತವನೂ ಬೇರೆ ಮಾಡಬಲ್ಲ. ಕಾಮಿಕ್ಸ್ ಹೀರೊಗಳಿಗೆ ಬೆಲ್ಟು, ಬಕಲ್ಲು, ಮುಳ್ಳು ಎಂದು ತುರುಕುವವರು ಒಂದು ರಾತ್ರಿ ಬಯಲಾಟಕ್ಕೆ ಹೋಗಿ ಬರಬೇಕು.

ಮಿರಿಮಿರಿ ಮಿಂಚುವ ಒಂದೇ ಒಂದು ಡ್ರ್ಯಾಗನ್ ಬೇಕೆಂದರೆ ಈಗ ಎಐ ಅರೆಕ್ಷಣದಲ್ಲಿ ಕೊಡುತ್ತದೆ. ಹಾಗಾಗಿ ಪೋರ್ಟ್‌ಫೋಲಿಯೊ ಮಾಡುತ್ತಿರುವವರು ಹನ್ನೆರಡರ ಬದಲು ಒಂದನ್ನೇ ಇಟ್ಟುಕೊಳ್ಳುವುದು ಮೇಲು. ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಅದನ್ನೇ ಬಿಡಿಸಿ. ಆಮೇಲೆ ಎರಡು ಪುಟದ ಒಂದು ಕಥೆ. ಯುದ್ಧ ಬೇಡ, ಅದು ಕೆರೆಗೆ ಬಂದು ನೀರು ಕುಡಿದು ಮಲಗಲಿ. ಮಲಗುವಾಗ ರೆಕ್ಕೆ ಎಲ್ಲಿ ಮಡಚಿಕೊಳ್ಳುತ್ತದೆ? ಇದಕ್ಕೆ ದುಬಾರಿ ಟ್ಯಾಬ್ಲೆಟ್ ಬೇಕಿಲ್ಲ. ಬಾವಲಿಯ ರೆಕ್ಕೆ ಎಂದರೆ ಉದ್ದಕ್ಕೆ ಬೆಳೆದ ಬೆರಳುಗಳ ನಡುವೆ ಬಿಗಿದ ಚರ್ಮ. ಭುಜ, ಮೊಣಕೈ, ಮಣಿಕಟ್ಟು ಎಲ್ಲವೂ ನಮ್ಮ ಕೈಯಲ್ಲಿರುವ ಕ್ರಮದಲ್ಲೇ ಅಲ್ಲೂ ಇವೆ. ಊರಾಚೆಯ ಆಲದ ಮರದಲ್ಲಿ ಅವು ಹಗಲಿಡೀ ತಲೆಕೆಳಗಾಗಿ ನೇತಾಡುತ್ತಿರುತ್ತವೆ, ಒಂದು ಸ್ಕೆಚ್ ಪುಸ್ತಕ ತುಂಬುವಷ್ಟು ಹೊತ್ತು.