ಒಳಹೊಗುವ ಕಲೆ ಮತ್ತು ಸಹೃದಯ ಸ್ಪಂದನೆ: ವಿದ್ಯಾರ್ಥಿ ಕಲಾಪ್ರದರ್ಶನಗಳ ಹಿನ್ನೆಲೆಯಲ್ಲಿ

ಗೋಡೆಯ ಮೇಲಿನ ಚಿತ್ರವನ್ನು ನೋಡುಗರು ಎದುರು ನಿಂತು ನೋಡುತ್ತಾರೆ. ಪ್ರತಿಷ್ಠಾಪನಾ ಕಲೆಯಲ್ಲಿ ಅವರು ಕೃತಿಯೊಳಗೆ ಪ್ರವೇಶಿಸುತ್ತಾರೆ. ಬೆಳಕು, ಸದ್ದು, ವಾಸನೆ, ನಡೆಯುವ ದಾರಿ ಇವೆಲ್ಲವೂ ಅಲ್ಲಿ ಕೃತಿಯ ಅಂಗಗಳೇ. 1958ರಲ್ಲಿ ಅಮೆರಿಕದ ಅಲನ್ ಕ್ಯಾಪ್ರೊ ಇಂತಹ ರಚನೆಗಳನ್ನು 'ಪರಿಸರ' ಎಂಬರ್ಥದ ಹೆಸರಿನಿಂದ ಕರೆದನು. ಭದ್ರಾವತಿಯಲ್ಲಿ ಜನಿಸಿದ ಶೀಲಾ ಗೌಡ ಅವರು ಸೆಗಣಿ, ಕುಂಕುಮ, ಸೂಜಿದಾರಗಳಂತಹ ನಿತ್ಯಬಳಕೆಯ ವಸ್ತುಗಳಿಂದಲೇ ಈ ಮಾಧ್ಯಮವನ್ನು ಬೆಳೆಸಿದರು. 2014ರಲ್ಲಿ ಕೊಚ್ಚಿಯ ಬಿನಾಲೆಯೊಂದಿಗೆ ಆರಂಭವಾದ ವಿದ್ಯಾರ್ಥಿ ಬಿನಾಲೆಯಿಂದ ಕಲಾಶಾಲೆಗಳ ವಿದ್ಯಾರ್ಥಿಗಳಿಗೂ ಒಂದು ವೇದಿಕೆ ದೊರೆಯಿತು.

ಇಂತಹ ವಿದ್ಯಾರ್ಥಿ ಕೃತಿಗಳ ಆಯುಷ್ಯ ಅಲ್ಪ. ಪ್ರದರ್ಶನ ಮುಗಿದೊಡನೆ ಅವುಗಳನ್ನು ಬಿಚ್ಚಲಾಗುತ್ತದೆ. ಛಾಯಾಚಿತ್ರವು ಆಕಾರವನ್ನು ಉಳಿಸಬಹುದು, ಒಳಗೆ ನಡೆದ ಅನುಭವವನ್ನಲ್ಲ. ಅದನ್ನು ಉಳಿಸುವ ಹೊಣೆ ಬಹುಮಟ್ಟಿಗೆ ಬರಹದ ಮೇಲಿದೆ. ಆದುದರಿಂದ ಉದ್ಘಾಟನೆಗೆ ಅಥವಾ ವಿಮರ್ಶೆಗೆ ಆಹ್ವಾನಿತರಾಗುವ ಕನ್ನಡ ಅಧ್ಯಾಪಕರು 'ಉತ್ತಮ ಪ್ರಯತ್ನ' ಎಂಬ ಔಪಚಾರಿಕ ಮಾತಿಗೆ ನಿಲ್ಲುವಂತಿಲ್ಲ.

ಈ ನಷ್ಟದ ಸ್ವರೂಪವನ್ನು ಭೀಮಾತೀರದ ಕನಗನಹಳ್ಳಿ ಚೆನ್ನಾಗಿ ತೋರಿಸುತ್ತದೆ. 1994ರಿಂದ ನಡೆದ ಉತ್ಖನನದಲ್ಲಿ ಅಲ್ಲಿ ಬೌದ್ಧ ಸ್ತೂಪವೊಂದರ ಅವಶೇಷಗಳು ದೊರೆತವು. ಅಶೋಕನ ಹೆಸರನ್ನು ಬ್ರಾಹ್ಮಿ ಲಿಪಿಯಲ್ಲಿ ಕೆತ್ತಿದ ಶಿಲ್ಪಫಲಕವೂ ಅವುಗಳಲ್ಲಿ ಒಂದು. ಪ್ರದಕ್ಷಿಣೆ ಹಾಕುತ್ತ, ಫಲಕದಿಂದ ಫಲಕಕ್ಕೆ ಸಾಗುತ್ತ ಅರಿಯಬೇಕಾದ ರಚನೆ ಅದು. ಸ್ತೂಪ ಕುಸಿದು ಫಲಕಗಳು ಚದುರಿದುದರಿಂದ ಅವುಗಳ ಅನುಕ್ರಮವನ್ನು ವಿದ್ವಾಂಸರು ಊಹಿಸಬೇಕಾಯಿತು. ಬಿಡಿಭಾಗಗಳು ಉಳಿದರೂ ನಡಿಗೆಯ ಅನುಭವ ಉಳಿಯಲಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ಭಾಗದ ಜನರಿಗೆ ಕಲ್ಪಿತ ಲೋಕವನ್ನು ಹೊಗುವ ಅನುಭವ ಹೊಸತಲ್ಲ. ಮೊಹರಂ ಸಂದರ್ಭದಲ್ಲಿ ಅಲಾಯಿ ಕುಣಿಯ ಬೆಂಕಿ, ಹಲಗೆಯ ನಾದ, ಹೆಜ್ಜೆಕುಣಿತ, ಕನ್ನಡದ ರಿವಾಯತ್ ಪದಗಳು ಸೇರಿ ದೂರದ ಕರ್ಬಲಾವನ್ನು ಊರ ನಡುವೆ ನಿರ್ಮಿಸುತ್ತವೆ. ಅಲ್ಲಿ ನೋಡುಗರೂ ಪಾಲುದಾರರೇ. ಆದುದರಿಂದ ಪ್ರತಿಷ್ಠಾಪನೆಯನ್ನು ಕೇವಲ ಆಮದಾದ ಪ್ರಕಾರವೆಂದು ದೂರವಿಡಬೇಕಾಗಿಲ್ಲ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಲಲಿತಕಲೆಯ ಅಧ್ಯಯನಕ್ಕೂ ಅವಕಾಶವಿರುವುದರಿಂದ, ಈ ಜಾನಪದ ಅನುಭವ ಮತ್ತು ಸಮಕಾಲೀನ ಕಲೆ ಪರಸ್ಪರ ಸಂಧಿಸುವ ಸಾಧ್ಯತೆ ಇಲ್ಲಿಯೇ ಇದೆ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. 2020ರ ಅಕ್ಟೋಬರಿನ ಭೀಮಾ ಪ್ರವಾಹವನ್ನು ಅಫಜಲಪುರದ ವಿದ್ಯಾರ್ಥಿನಿಯೊಬ್ಬಳು ಒಂದು ಕೋಣೆಯಾಗಿ ಕಟ್ಟಿದ್ದಾಳೆ ಎಂದಿಟ್ಟುಕೊಳ್ಳೋಣ. ಗೋಡೆಯ ಮೇಲೆ ಎದೆಮಟ್ಟದ ಕೆಸರಿನ ಗೆರೆ, ನೆನೆದ ತೊಗರಿಯ ವಾಸನೆ, ಕತ್ತಲಲ್ಲಿ ನೀರಿನ ಸದ್ದು. 'ಇದು ಪ್ರವಾಹದ ದುರಂತವನ್ನು ಸಾರುತ್ತದೆ' ಎಂದರೆ ವಸ್ತುವನ್ನು ಹೆಸರಿಸಿದಂತಾಯಿತೇ ಹೊರತು ಕೃತಿಗೆ ಸ್ಪಂದಿಸಿದಂತಾಗಲಿಲ್ಲ. ಪ್ರವೇಶ ಹೇಗಿತ್ತು, ಹೆಜ್ಜೆ ಎಲ್ಲಿ ತಡೆಯಿತು, ಯಾವ ಇಂದ್ರಿಯ ಮೊದಲು ಎಚ್ಚೆತ್ತಿತು ಎಂಬುದನ್ನು ಮೊದಲು ದಾಖಲಿಸಬೇಕು. ಅನಂತರ ಆ ಕಲ್ಪಿತ ಲೋಕದ ಆಂತರಿಕ ನಿಯಮವನ್ನು ಗುರುತಿಸಬೇಕು. ಕೆಸರಿನ ಗೆರೆಯ ಪಕ್ಕದಲ್ಲಿ ವಿವರಣೆಯ ಫಲಕವಿದ್ದರೆ ಅದು ಆ ನಿಯಮವನ್ನು ಪೋಷಿಸುತ್ತದೆಯೋ ಭಂಗಿಸುತ್ತದೆಯೋ ಎಂದು ಕೇಳಬೇಕು. ಇತರ ನೋಡುಗರ ವರ್ತನೆಯನ್ನೂ ಗಮನಿಸಬೇಕು. ಮೌಲ್ಯನಿರ್ಣಯ ಬರಬೇಕಾದುದು ಇವೆಲ್ಲದರ ನಂತರ.

ಮೌಲ್ಯನಿರ್ಣಯಕ್ಕೆ ಭಾರತೀಯ ಕಾವ್ಯಮೀಮಾಂಸೆ ನೆರವಾಗಬಲ್ಲದು. ಅಭಿನವಗುಪ್ತನು ಹೇಳುವ ಏಳು ರಸವಿಘ್ನಗಳಲ್ಲಿ, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಲ್ಲಿಯೇ ಮುಳುಗಿಹೋಗುವುದೂ ಒಂದು. ಒಳಹೊಗುವ ಕಲೆ ಎದುರಿಸುವ ದೊಡ್ಡ ಅಪಾಯವೂ ಇದೇ. ಕತ್ತಲು, ಅಬ್ಬರಗಳಿಂದ ಹೆದರಿಸಿದ ಮಾತ್ರಕ್ಕೆ ಭಯಾನಕ ರಸ ಸಿದ್ಧಿಸದು. ಪ್ರವಾಹವನ್ನು ಕಂಡವರಿಗೂ ಕಾಣದವರಿಗೂ ಆ ಭಯ ಸಾಧಾರಣೀಕರಣಗೊಂಡು ಅರಿವಾಗಿ ಪರಿಣಮಿಸಿದೆಯೇ ಎಂಬುದೇ ನಿಜವಾದ ಪ್ರಶ್ನೆ.

ವಿದ್ಯಾರ್ಥಿಯ ಕೃತಿಗೆ ಅತಿಪ್ರಶಂಸೆಯೂ ಉಪದೇಶವೂ ಅಷ್ಟಾಗಿ ಉಪಯುಕ್ತವಲ್ಲ. ಆಶಯಕ್ಕೂ ಪರಿಣಾಮಕ್ಕೂ ನಡುವಿನ ಅಂತರವನ್ನು ನಿಖರವಾಗಿ ಕಾಣಿಸುವ ಬರಹವು ಮುಂದಿನ ಕೃತಿಗೆ ಬುನಾದಿಯಾಗುತ್ತದೆ. ಕೋಣೆ ಖಾಲಿಯಾದ ಮೇಲೆ, ಅಲ್ಲಿ ಏನು ಘಟಿಸಿತ್ತು ಎಂಬುದಕ್ಕೆ ಸಾಕ್ಷಿಯಾಗಿ ಉಳಿಯುವುದೂ ಅದೇ.