ಕಡಲಿಗೆ ಬಿದ್ದ ಮನಾಮ

ಬಹರೇನ್‌ಗೆ ಬರುವಾಗ ನನ್ನ ಪೆಟ್ಟಿಗೆಯಲ್ಲಿ ಬಿ.ಇಡಿ. ಪ್ರಮಾಣಪತ್ರ, ಹದಿನಾಲ್ಕು ವರ್ಷಗಳ ಬೋಧನಾನುಭವದ ದಾಖಲೆ ಮತ್ತು ಹಳೆಯದೊಂದು ಅಟ್ಲಾಸ್ ಇದ್ದವು. ಭೂಗೋಳ ಕಲಿಸಲು ಇಷ್ಟು ಸಾಕೆಂದು ನಂಬಿದ್ದೆ. ಇಲ್ಲಿನ ಶಾಲೆಯಲ್ಲಿ ಮೊದಲ ವರ್ಷವೇ ಆ ನಂಬಿಕೆ ಅಲುಗಿತು. ಸ್ಪ್ರೆಡ್‌ಶೀಟ್ ಎಂದರೆ ನನಗೆ ಅಂಕಗಳನ್ನು ಕೂಡಿಸುವ ಸಾಧನ ಮಾತ್ರ. ಡಿಜಿಟಲ್ ನಕ್ಷೆಯ ಗಂಧವೂ ಇರಲಿಲ್ಲ. ಒಪ್ಪಂದ ಎರಡು ವರ್ಷದ್ದು. ಅದರ ನವೀಕರಣವನ್ನು ನೆಚ್ಚಿಕೊಂಡು ಊರಿನಲ್ಲಿ ಮನೆಯ ಸಾಲವಿತ್ತು.

ರಾತ್ರಿ ಊಟವಾದ ಮೇಲೆ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶವನ್ನು ಕಲಿಯತೊಡಗಿದೆ. ಊರುಗಳ ಹೆಸರು, ಅಕ್ಷಾಂಶ, ರೇಖಾಂಶಗಳನ್ನು ಸ್ಪ್ರೆಡ್‌ಶೀಟ್‌ನಲ್ಲಿ ತುಂಬಿಸಿಕೊಟ್ಟರೆ ಅದು ಅವುಗಳನ್ನು ಭೂಪಟದ ಮೇಲೆ ಚುಕ್ಕಿಗಳಾಗಿ ಮೂಡಿಸುತ್ತದೆ. ತರಗತಿಯಲ್ಲಿ ಮೊದಲ ಬಾರಿ ತೋರಿಸಿದಾಗ ಮನಾಮ ಉಕ್ರೇನಿನ ರಿವ್ನೆ ನಗರದ ಬಳಿ ಹೋಗಿ ಕುಳಿತಿತ್ತು! ಮಕ್ಕಳು ಮನಸಾರೆ ನಕ್ಕರು. ಅಕ್ಷಾಂಶವನ್ನು ಮೊದಲು ಹೇಳುವ ಅಭ್ಯಾಸದಿಂದ ಅದನ್ನೇ ಎಕ್ಸ್ ಜಾಗಕ್ಕೆ ಕೊಟ್ಟಿದ್ದೆ. ಎಕ್ಸ್ ಅಡ್ಡ ಅಕ್ಷ, ಅಲ್ಲಿಗೆ ಸಲ್ಲಬೇಕಾದದ್ದು ರೇಖಾಂಶ ಎಂದು ಎಂಟನೇ ತರಗತಿಯ ಹುಡುಗಿಯೊಬ್ಬಳು ತಿದ್ದಿದಳು.

ತಿದ್ದಿದರೂ ಮನಾಮ ಮನೆ ಸೇರಲಿಲ್ಲ. ಈ ಬಾರಿ ಸೌದಿಯ ಕಡೆಗಿನ ಸಮುದ್ರದಲ್ಲಿ ಮುಳುಗಿತ್ತು. ಮಕ್ಕಳಿಗೆ ಕಾರಣ ಹೊಳೆಯಲಿಲ್ಲ, ನನಗೆ ಹೊಳೆಯಿತು. ಅಟ್ಲಾಸಿನಲ್ಲಿದ್ದ 26 ಡಿಗ್ರಿ 13 ನಿಮಿಷವನ್ನು 26.13 ಎಂದೂ, 50 ಡಿಗ್ರಿ 35 ನಿಮಿಷವನ್ನು 50.35 ಎಂದೂ ಬರೆದಿದ್ದೆ. ಡಿಗ್ರಿಗೆ ಅರವತ್ತು ನಿಮಿಷ, ನೂರಲ್ಲ. ನಿಮಿಷವನ್ನು 60ರಿಂದ ಭಾಗಿಸಿ ಡಿಗ್ರಿಗೆ ಕೂಡಿಸುವ ಸೂತ್ರ ಬರೆದೊಡನೆ 26.22, 50.58 ಬಂದವು, ಮನಾಮ ದಡ ಸೇರಿತು. ಅದೇ ಸೂತ್ರವನ್ನು ಮೌಸಿನಿಂದ ಕೆಳಗೆಳೆದಾಗ ಉಳಿದ ಊರುಗಳೂ ಸ್ವಸ್ಥಾನ ಸೇರಿದವು. ಸೀಮೆಸುಣ್ಣದ ಕಾಲದ ಭೂಗೋಳ ವ್ಯರ್ಥವಾಗಿಲ್ಲವೆಂದು ಅಂದು ಸಮಾಧಾನವಾಯಿತು.

ಈ ದೇಶಕ್ಕಂತೂ ಇಂಥ ನಕ್ಷೆ ಹೇಳಿ ಮಾಡಿಸಿದ್ದು. ಒಂದು ಕಾಲಕ್ಕೆ 670 ಚದರ ಕಿ.ಮೀ.ಗೂ ಕಡಿಮೆಯಿದ್ದ ಬಹರೇನ್, ಸಮುದ್ರ ತುಂಬಿಸಿ ಪಡೆದ ನೆಲದಿಂದ ಇಂದು 780 ಚದರ ಕಿ.ಮೀ. ಮುಟ್ಟಿದೆ. ಮನಾಮ ಸೂಕಿನ ಹೆಬ್ಬಾಗಿಲಾದ ಬಾಬ್ ಅಲ್ ಬಹರೇನ್‌ನ ಸಮೀಪಕ್ಕೆ ಹಿಂದೆ ಸಮುದ್ರವೇ ಬರುತ್ತಿತ್ತು. ಇಂದು ಅದರೆದುರು ರಸ್ತೆ, ಗಗನಚುಂಬಿ ಕಟ್ಟಡಗಳು. ಹಳೆಯ ನಕ್ಷೆಯೊಂದನ್ನು ಉಪಗ್ರಹ ಚಿತ್ರದ ಮೇಲೆ ಹಾಸಿದಾಗ ಮಕ್ಕಳು ತಾವು ದಿನವೂ ಓಡಾಡುವ ಬೀದಿ ನೀರಿನಲ್ಲಿರುವುದನ್ನು ಕಂಡು ಬೆರಗಾದರು.

ಮರುವಾರ ಅವರವರ ಮೂಲ ಊರನ್ನು ಗುರುತಿಸಿ ತರಲು ಹೇಳಿದೆ. ಇಲ್ಲೇ ಹುಟ್ಟಿದ ಹುಡುಗನೊಬ್ಬನ ಅಜ್ಜಿಯ ಮನೆ ಕುಂದಾಪುರದ ಕಡೆಯ ಹಳ್ಳಿಯಲ್ಲಿದೆ. ನಕ್ಷೆಯಲ್ಲಿ ಆ ಮನೆಗೆ ಹೆಸರಿಲ್ಲ. ಅಜ್ಜಿಗೆ ಫೋನ್ ಮಾಡಿ, ಬಸ್ ನಿಲ್ದಾಣದಿಂದ ಗದ್ದೆಯಂಚು ಹಿಡಿದು, ಸಂಕ ದಾಟಿ, ಆಕೆ ಹೇಳಿದಂತೆಲ್ಲ ಪರದೆಯ ಮೇಲೆ ಬೆರಳಾಡಿಸಿ ಹಂಚಿನ ಮಾಡೊಂದನ್ನು ಪತ್ತೆ ಹಚ್ಚಿದ್ದ. ಒಂದು ಗಂಟೆ ಮಾತಾಡಿದೆವು, ಅಷ್ಟು ಹೊತ್ತು ಎಂದೂ ಮಾತಾಡಿರಲಿಲ್ಲ ಎಂದ.

ಒಪ್ಪಂದ ನವೀಕರಣಗೊಂಡಿತು. ಕೊಲ್ಲಿಗೆ ಬರಲು ಹವಣಿಸುವ ಶಿಕ್ಷಕ ಮಿತ್ರರಿಗೆ ನನ್ನ ಸಲಹೆ ಇಷ್ಟೇ: ಪ್ರಮಾಣಪತ್ರಗಳ ದೃಢೀಕರಣಕ್ಕೆ ಕಾಯುವ ವಾರಗಳಲ್ಲಿ ಸ್ಪ್ರೆಡ್‌ಶೀಟ್ ತೆರೆದು ನಿಮ್ಮ ತಾಲ್ಲೂಕಿನ ಹತ್ತು ಊರುಗಳನ್ನು ನಕ್ಷೆಗೆ ಏರಿಸಿ ನೋಡಿ. ಒಂದೆರಡು ಊರು ಕಡಲಿಗೆ ಬಿದ್ದಾವು. ಅವು ಅಲ್ಲೇ ಬೀಳಲಿ, ತರಗತಿಯಲ್ಲಿ ಬೀಳುವುದು ಬೇಡ.